ನಿಂತು ದುಡಿಯುವವರ ಮೆಟ್ಟು

ದಿನವಿಡೀ ನಡೆಯುವವರಿಗಿಂತ ದಿನವಿಡೀ ಒಂದೇ ಕಡೆ ನಿಲ್ಲುವವರ ಕಾಲು ಬೇಗ ಸೋಲುತ್ತದೆ. ಓಣಿ ಓಣಿ ಸುತ್ತಿ ಕಾಗದ ಹಂಚುವ ಅಂಚೆಯಣ್ಣ ಸಂಜೆ ಬಿಸಿಲನ್ನು ಬೈಯುತ್ತಾನೆ. ಏಸಿ ಹಾಕಿದ ಸೀರೆ ಅಂಗಡಿಯಲ್ಲಿ ಹತ್ತಡಿ ಕೌಂಟರಿನ ಹಿಂದೆ ನಿಂತವನ ದೂರು ಬೇರೆ: ಹಿಮ್ಮಡಿ ಉರಿ, ಮೀನಖಂಡದ ಸೆಳೆತ, ಸೊಂಟ ನೋವು. "ಏನ್ ಮಹಾ ಕೆಲಸ, ಸುಮ್ನೆ ನಿಂತಿರೋದು ತಾನೆ" ಅನ್ನುವವರು ಆರತಕ್ಷತೆಯ ವೇದಿಕೆ ಮೇಲೆ ಮೂರು ತಾಸು ನಿಂತ ಮದುಮಕ್ಕಳನ್ನು ಮಾರನೇ ದಿನ ವಿಚಾರಿಸಬೇಕು.

ಇದಕ್ಕೆ ಕಾರಣ ಮೀನಖಂಡದಲ್ಲಿದೆ. ಹೃದಯ ಕೆಳಕ್ಕೆ ತಳ್ಳಿದ ರಕ್ತ ಪಾದದಿಂದ ಮತ್ತೆ ಮೇಲಕ್ಕೆ ಏರಬೇಕಲ್ಲ, ಆ ಕೆಲಸದ ದೊಡ್ಡ ಪಾಲು ಮೀನಖಂಡದ ಸ್ನಾಯುಗಳದ್ದು. ಹೆಜ್ಜೆ ಹಾಕಿದಾಗಲೆಲ್ಲ ಅವು ಬಿಗಿದು, ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಹೋದ ರಕ್ತ ಕೆಳಗೆ ಜಾರದ ಹಾಗೆ ನಾಳಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಅಲುಗಾಡದೆ ನಿಂತರೆ ಈ ಪಂಪು ಬಹುಪಾಲು ನಿಂತಂತೆಯೇ. ರಕ್ತ ಕೆಳಗೇ ತಂಗುತ್ತದೆ, ನೀರಿನಂಶ ಸುತ್ತಲಿನ ಮಾಂಸಕ್ಕೆ ಜಿನುಗುತ್ತದೆ, ಸಂಜೆ ಸಾಕ್ಸ್ ಕಳಚಿದಾಗ ಎಲಾಸ್ಟಿಕ್ ಇದ್ದ ಕಡೆ ಸುತ್ತಲೂ ಹಳ್ಳ ಬಿದ್ದಿರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕೆಲವರಲ್ಲಿ ಕವಾಟಗಳು ಸೋತು ನೀಲಿ ನರ ಉಬ್ಬುತ್ತವೆ. ವೆರಿಕೋಸ್ ವೇನ್ ಅಂತ ಡಾಕ್ಟರ್ ಚೀಟಿ ಬರೆಯುವುದು ಅದಕ್ಕೇ. ಇನ್ನೊಂದು ಕಡೆ, ಬೆನ್ನು ಮತ್ತು ಕಾಲಿನ ಸ್ನಾಯುಗಳು ಮೈಯನ್ನು ನೆಟ್ಟಗೆ ಹಿಡಿದಿಡಲು ಗಂಟೆಗಟ್ಟಲೆ ಸಣ್ಣಗೆ ಬಿಗಿದೇ ಇರುತ್ತವೆ. ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು, ಹರಿಯದ ಕಡೆ ನೋವು ಕೂರುತ್ತದೆ.

ಇದು ಬರೀ ಕಾಲಿನ ವಿಷಯವೂ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಸುಮಾರು 7,300 ದುಡಿಯುವ ಜನರನ್ನು 12 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದರಲ್ಲಿ, ಕೂತು ಮಾಡುವ ಕೆಲಸದವರಿಗೆ ಹೋಲಿಸಿದರೆ ಹೆಚ್ಚಾಗಿ ನಿಂತೇ ಮಾಡುವ ಕೆಲಸದವರಿಗೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು ಕಂಡಿತ್ತು. ಒಂದೇ ಸಮನೆ ಒಂದು ಗಂಟೆ, ಇಡೀ ದಿನದಲ್ಲಿ ಒಟ್ಟು ನಾಲ್ಕು ಗಂಟೆ, ಅದಕ್ಕಿಂತ ಹೆಚ್ಚು ನಿಲ್ಲಿಸಬಾರದು ಅನ್ನುವುದು ನೆದರ್ಲೆಂಡ್ಸ್‌ನ ಮಾರ್ಗಸೂಚಿ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಹನ್ನೆರಡು ಗಂಟೆ ಪಾಳಿಯ ಸೆಕ್ಯುರಿಟಿಯವರಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟಾರು.

ನಿಂತು ದುಡಿಯುವವರು ಒಬ್ಬಿಬ್ಬರಲ್ಲ. ಚಿನ್ನದ ಅಂಗಡಿಯ ಹುಡುಗಿಯರು, ವಾರ್ಡಿನ ಸಿಸ್ಟರ್‌ಗಳು, ದರ್ಶಿನಿಯ ದೋಸೆ ಭಟ್ಟರು, ಸಿಗ್ನಲ್ಲಿನ ಟ್ರಾಫಿಕ್ ಪೊಲೀಸರು, ಬೋರ್ಡಿನ ಮುಂದೆ ಆರು ಪೀರಿಯಡ್ ತೆಗೆದುಕೊಳ್ಳುವ ಮೇಷ್ಟ್ರು, ಸಲೂನಿನವರು, ತುಂಬಿದ ಬಸ್ಸಿನ ಕಂಡಕ್ಟರು. ಗಾರ್ಮೆಂಟ್ಸ್‌ನಲ್ಲಿ ಟೈಲರ್‌ಗಳಿಗೆ ಕೂರುವುದೇ ಕಷ್ಟವಾದರೆ, ಕಟಿಂಗ್, ಚೆಕಿಂಗ್, ಇಸ್ತ್ರಿ ವಿಭಾಗದವರಿಗೆ ನಿಲ್ಲುವುದೇ ಕಷ್ಟ. ಇವರೆಲ್ಲರ ಕಾಲಡಿಯ ನೆಲ ಈಗ ಗ್ರಾನೈಟು, ವಿಟ್ರಿಫೈಡ್ ಟೈಲ್ಸು ಇಲ್ಲವೇ ಕಾಂಕ್ರೀಟು. ಮಣ್ಣಾಗಲಿ ಮರವಾಗಲಿ ಕಾಲಿಗೆ ತುಸು ಬಗ್ಗುತ್ತದೆ. ಇವು ಬಗ್ಗುವುದಿಲ್ಲ. ಬಗ್ಗಬೇಕಾದದ್ದು ನೆಲಕ್ಕೂ ಪಾದಕ್ಕೂ ನಡುವಿನ ಆ ಒಂದೆರಡು ಸೆಂಟಿಮೀಟರ್ ಅಟ್ಟೆ.

ಅಷ್ಟಾದರೂ ಮನೆಗೊಂದು ಮಿಕ್ಸಿ ತರುವಾಗ ನಾಲ್ಕು ಅಂಗಡಿ ಸುತ್ತುವ ನಾವು ಚಪ್ಪಲಿ ತೆಗೆದುಕೊಳ್ಳುವುದು ಐದು ನಿಮಿಷದಲ್ಲಿ. ಬಣ್ಣ, ರೇಟು, "ಏಳು ನಂಬರ್ ಕೊಡಿ", ಅಲ್ಲಿಗೆ ಮುಗಿಯಿತು.

ಪಾದದ ಒಳಗೇನಿದೆ ಅಂತ ಸ್ವಲ್ಪ ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಒಂದೊಂದು ಪಾದದಲ್ಲಿ 26 ಮೂಳೆ, 33 ಕೀಲು. ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ದಪ್ಪ ಪಟ್ಟಿ, ಬಿಲ್ಲಿಗೆ ಬಿಗಿದ ಹೆದೆಯ ಹಾಗೆ, ಪಾದದ ಕಮಾನನ್ನು ಹಿಡಿದು ನಿಲ್ಲಿಸಿದೆ. ಮೈಭಾರ ಬಿದ್ದಾಗಲೆಲ್ಲ ಅದು ಎಳೆಯುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ ಎಳೆದೇ ಇದ್ದರೆ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಅದು ನೊಂದುಕೊಳ್ಳುತ್ತದೆ. ಇದರ ಗುರುತು ಪಕ್ಕಾ: ಬೆಳಿಗ್ಗೆ ಹಾಸಿಗೆಯಿಂದ ಇಳಿದು ಊರಿದ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದಂಥ ನೋವು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಕಡಿಮೆ, ಡ್ಯೂಟಿ ಮುಗಿಯುವ ಹೊತ್ತಿಗೆ ಮತ್ತೆ ಹಾಜರು. ಡಾಕ್ಟರ್‌ಗಳು ಪ್ಲಾಂಟಾರ್ ಫೇಸಿಯೈಟಿಸ್ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಹಿಮ್ಮಡಿಯ ತುದಿಗೆ ಮೂಳೆ ಬೆಳೆದದ್ದು ಕಂಡು ಹೆದರುವವರಿದ್ದಾರೆ. ಆದರೆ ಅಂಥ ಮೂಳೆ ಇದ್ದೂ ನೋವೇ ಇಲ್ಲದವರು ಬೇಕಾದಷ್ಟು ಜನ. ನೋವು ಬಹಳ ಸಲ ಆ ಪಟ್ಟಿಯದ್ದು, ಮೂಳೆಯದ್ದಲ್ಲ.

ಹಿಮ್ಮಡಿಯ ಕೆಳಗೆ ಒಂದು ಕೊಬ್ಬಿನ ಮೆತ್ತೆಯೂ ಇದೆ. ನಿಸರ್ಗ ಕೊಟ್ಟ ಈ ಹಾಸು ವಯಸ್ಸಾಗುತ್ತ ತೆಳ್ಳಗಾಗುತ್ತದೆ. ಚಪ್ಪಟೆ ಚಪ್ಪಲಿಯ ಮೇಲೆ ನಿಂತರೆ ಆ ಕೊಬ್ಬು ಅಕ್ಕಪಕ್ಕಕ್ಕೆ ಹರಡಿಹೋಗಿ, ಮೂಳೆ ನೇರ ಅಟ್ಟೆಯ ಮೇಲೆ ಕೂರುತ್ತದೆ. ಹಿಮ್ಮಡಿಯ ಜಾಗ ತುಸು ಬಟ್ಟಲಾಗಿದ್ದು ಅಂಚು ಗಟ್ಟಿಯಾಗಿದ್ದರೆ ಕೊಬ್ಬು ತನ್ನ ಜಾಗದಲ್ಲೇ ನಿಂತು ತನ್ನ ಕೆಲಸ ತಾನು ಮಾಡುತ್ತದೆ. ಒಳ್ಳೆಯ ಶೂವಿನ ಹಿಂಭಾಗ ಯಾಕೆ ಗಟ್ಟಿ ಇರುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಇಲ್ಲಿಂದಲೇ ದೊಡ್ಡ ತಪ್ಪು ಕಲ್ಪನೆಯೂ ಶುರು. ಕಾಲು ನೋವು ಅಂದ ಕೂಡಲೇ ಅಂಗಡಿಯವರು ತೆಗೆದಿಡುವುದು ಮೆತ್ತನೆಯ ಚಪ್ಪಲಿ. ಹೆಬ್ಬೆರಳಲ್ಲಿ ಒತ್ತಿ, "ನೋಡಿ ಮೇಡಂ, ಸ್ಪಂಜ್ ಇದ್ದಂಗಿದೆ" ಅನ್ನುತ್ತಾರೆ. ಹೆಬ್ಬೆರಳಿನ ಒತ್ತಡಕ್ಕೆ ತಗ್ಗುವ ಸ್ಪಂಜು ಅರವತ್ತು ಎಪ್ಪತ್ತು ಕಿಲೋ ಭಾರಕ್ಕೆ ಏನಾಗುತ್ತದೆ? ಹದಿನೈದು ನಿಮಿಷದಲ್ಲಿ ಅಪ್ಪಚ್ಚಿಯಾಗಿ, ಮಿಕ್ಕ ಏಳೂಮುಕ್ಕಾಲು ಗಂಟೆ ನೀವು ಗಟ್ಟಿ ತಳದ ಮೇಲೇ ನಿಂತಿರುತ್ತೀರಿ. ಅಪ್ಪಚ್ಚಿಯಾಗದಷ್ಟು ದಪ್ಪನೆಯ ಮೆತ್ತೆಯಾದರೆ ಬೇರೆ ತೊಂದರೆ. ಕಾಲು ಅದರಲ್ಲಿ ಅತ್ತಿತ್ತ ವಾಲಾಡುತ್ತದೆ, ಆಯ ತಪ್ಪದಂತೆ ನೋಡಿಕೊಳ್ಳಲು ಕಣಕಾಲಿನ ಸಣ್ಣ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ. ಹಾಸಿಗೆ ಮೇಲೆ ಎದ್ದು ನಿಂತು ಫ್ಯಾನಿನ ಧೂಳು ಒರೆಸಿದವರಿಗೆ ಈ ಸುಸ್ತು ಗೊತ್ತು. ನಿಲ್ಲುವ ಕೆಲಸಕ್ಕೆ ಬೇಕಾದದ್ದು ಒಳಗೆ ತುಸು ಮೆತ್ತಗೆ, ಕೆಳಗೆ ಗಟ್ಟಿ. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯಬೇಕು, ಬೆರಳುಗಳನ್ನು ಬಿಡುಬೀಸಾಗಿ ಬಿಡಬೇಕು. ಸಪೋರ್ಟ್ ಅಂದರೆ ಇಷ್ಟೇ. ನಮ್ಮ ಪೇಟೆಯಲ್ಲಿ ಸಿಗುವ ಬಹಳಷ್ಟು ಫಾರ್ಮಲ್ ಶೂಗಳು ಇದರ ಉಲ್ಟಾ: ಹಿಮ್ಮಡಿ ಸಡಿಲ, ಮೂತಿ ಚೂಪು.

ಅಂಗಡಿಗೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ಹಳೆ ಪೇಪರಿನ ಮೇಲೆ ಎರಡೂ ಕಾಲೂರಿ ನಿಂತುಕೊಳ್ಳಿ, ಮನೆಯವರು ಯಾರಾದರೂ ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ನೀವೇ ಬಗ್ಗಿ ಎಳೆದರೆ ಭಾರ ಮುಂದಕ್ಕೆ ಬಿದ್ದು ಅಳತೆ ಕೆಡುತ್ತದೆ. ಎರಡೂ ಪಾದದ್ದು ಎಳೆಯಿರಿ, ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ಚೂರು ದೊಡ್ಡದು. ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಇಷ್ಟವಾದ ಶೂ ಮೇಲೆ ಆ ಕಾಗದ ಇಟ್ಟು ನೋಡಿ. ಕಾಗದ ಅಟ್ಟೆಯಿಂದ ಹೊರಗೆ ಬಂದರೆ ನಿಮ್ಮ ಕಾಲು ಒಳಗೆ ಮುದುಡಿಕೊಂಡು ಕೂರುತ್ತದೆ ಎಂದೇ ಅರ್ಥ. ಹಾಕಿ ನೋಡುವ ಅಗತ್ಯವೂ ಇಲ್ಲ, ಕೆಳಗಿಡಿ.

ಹೋಗುವುದು ಸಂಜೆ. ಬೆಳಗಿನ ಪಾದವೂ ಡ್ಯೂಟಿ ಮುಗಿದ ಪಾದವೂ ಒಂದೇ ಅಳತೆಯಲ್ಲ. ಬೆಳಿಗ್ಗೆ ಹತ್ತಕ್ಕೆ ಸರಿಹೋದ ಶೂ ಸಂಜೆ ಆರಕ್ಕೆ ಕಚ್ಚುವುದು ಇದಕ್ಕೇ. ಕೆಲಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಅಂಗಡಿಯವರು ಕೊಡುವ ತೆಳ್ಳನೆಯ ನೈಲಾನ್ ಸಾಕ್ಸ್‌ನಲ್ಲಿ ಎಲ್ಲ ಶೂವೂ ಸಲೀಸು. ಎರಡೂ ಕಾಲಿಗೆ ಹಾಕಿ, ನಿಂತು ನೋಡಬೇಕು. ಕೂತು ನೋಡಿದರೆ ಪಾದ ಹರಡಿಕೊಂಡಿರುವುದಿಲ್ಲ. ಅತಿ ಉದ್ದದ ಬೆರಳಿಗೂ (ಅದು ಹೆಬ್ಬೆರಳೇ ಆಗಬೇಕಿಲ್ಲ, ಎಷ್ಟೋ ಜನರಿಗೆ ಪಕ್ಕದ ಬೆರಳು ಉದ್ದ) ಶೂ ಮೂತಿಗೂ ನಡುವೆ ಕೈಯ ಹೆಬ್ಬೆರಳಿನಷ್ಟು ಜಾಗ ಇರಬೇಕು. ಒಳಗೆ ಐದೂ ಬೆರಳು ಕುಣಿಸಲು ಬರಬೇಕು. ಅಲ್ಲೇ ಒಂದು ಹತ್ತು ನಿಮಿಷ ನಿಂತುಕೊಳ್ಳಿ, ಅಂಗಡಿಯವರು ಸಿಡಿಮಿಡಿಗೊಂಡರೂ ಪರವಾಗಿಲ್ಲ. ನಾವು ಅಂಗಡಿಯಲ್ಲಿ ನಡೆದು ನೋಡುತ್ತೇವೆ, ಕೊಳ್ಳುವುದು ನಿಲ್ಲಲಿಕ್ಕೆ.

"ಹಾಕ್ತಾ ಹಾಕ್ತಾ ಲೂಸಾಗುತ್ತೆ ಸಾರ್." ಈ ಮಾತು ಕೇಳದೆ ಚಪ್ಪಲಿ ಅಂಗಡಿಯಿಂದ ಹೊರಬಂದವರಿಲ್ಲ. ಅಸಲಿ ತೊಗಲಾದರೆ ಅಗಲದಲ್ಲಿ ಒಂಚೂರು ಸಡಿಲವಾದೀತು, ಉದ್ದದಲ್ಲಿ ಆಗದು. ರೆಕ್ಸಿನ್ ತರಹದ ಸಿಂಥೆಟಿಕ್ ಮಾಲಂತೂ ಹಾಗೇ ಇರುತ್ತದೆ, ಲೂಸಾಗುವುದು ನಿಮ್ಮ ಚರ್ಮ. ಕಿರುಬೆರಳ ಮೇಲೆ ಆಣಿ ಏಳುವುದೂ ಹೆಬ್ಬೆರಳ ಉಗುರು ಒಳಕ್ಕೆ ಬೆಳೆಯುವುದೂ ಹೀಗೆ "ಲೂಸಾಗಲಿ" ಅಂತ ಕಾದವರಲ್ಲೇ ಹೆಚ್ಚು.

ನಂಬರಿನ ಮೇಲೆ ಪೂರ್ತಿ ಭರವಸೆ ಬೇಡ. ನಮ್ಮಲ್ಲಿ ಚಾಲ್ತಿಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಅಂತರ ಮೂರನೇ ಒಂದು ಇಂಚು, ಸುಮಾರು 8.5 ಮಿಲಿಮೀಟರ್, ಅದೂ ಉದ್ದದ್ದು ಮಾತ್ರ. ಅಗಲದ ಸುದ್ದಿಯೇ ಇಲ್ಲ. ಅಮೆರಿಕದ ಸಿರಾಕ್ಯೂಸ್ ಊರಿನ ಚಾರ್ಲ್ಸ್ ಬ್ರ್ಯಾನಕ್ ಎಂಬಾತ 1920ರ ದಶಕದಲ್ಲೇ ಪಾದದ ಉದ್ದ, ಅಗಲ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಿಣ್ಣಿನವರೆಗಿನ ದೂರ, ಮೂರನ್ನೂ ಒಟ್ಟಿಗೆ ಅಳೆಯುವ ಲೋಹದ ಪಟ್ಟಿ ಮಾಡಿದ್ದ. ನಮ್ಮ ಬಹುಪಾಲು ಅಂಗಡಿಗಳಲ್ಲಿ ಇವತ್ತಿಗೂ ಅದು ಕಾಣಸಿಗದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ತ್ರೀಡಿ ಯಂತ್ರದಲ್ಲಿ ಅಳೆದರು. ಭಾರತೀಯರ ಪಾದ ಪರದೇಶದ ಅಳತೆಪಟ್ಟಿ ಎಣಿಸಿದ್ದಕ್ಕಿಂತ ಅಗಲ ಎಂದು ಅದರಲ್ಲಿ ಹೊರಬಿತ್ತು. ಅದರ ಆಧಾರದ ಮೇಲೆ 'ಭಾ' ಎಂಬ ಸ್ವದೇಶಿ ಅಳತೆಯನ್ನೂ ಸೂಚಿಸಿದ್ದಾರೆ. ಅಗಲ ಸಾಲದೆ ಒಂದು ನಂಬರ್ ದೊಡ್ಡದು ತೆಗೆದುಕೊಂಡು, ಉದ್ದ ಜಾಸ್ತಿಯಾಗಿ ಹಿಮ್ಮಡಿ ಕಳಚಿಕೊಳ್ಳುವ ಪಾಡು ಪಡುವವರು ಇಲ್ಲಿ ಮನೆಗೊಬ್ಬರು ಸಿಗುತ್ತಾರೆ. ಅಂಥವರು ಉದ್ದ ಹೆಚ್ಚಿಸುವ ಬದಲು ಲೇಸ್ ಇರುವ, ಮೂತಿ ಗುಂಡಗಿರುವ ಶೂ ಹುಡುಕುವುದು ಮೇಲು. ಲೇಸನ್ನು ಸಂಜೆ ಕಾಲು ಊದಿದಾಗ ಒಂದು ಎಳೆ ಸಡಿಲಿಸಲೂ ಬರುತ್ತದೆ. ಸ್ಲಿಪ್-ಆನ್ ಶೂವಿನಲ್ಲಿ ಆ ಸೌಕರ್ಯ ಇಲ್ಲ.

ಶೂ ಕೈಗೆ ಬಂದ ಮೇಲೆ ಮಾಡುವ ಪರೀಕ್ಷೆಗಳು ಸರಳ. ಹಿಂಭಾಗದ ಗೋಡೆಯನ್ನು ಎರಡೂ ಕಡೆಯಿಂದ ಹಿಡಿದು ಒತ್ತಿ. ಸುಲಭವಾಗಿ ಕುಸಿದರೆ ಅದು ಹಿಮ್ಮಡಿಯನ್ನು ಹಿಡಿಯಲಾರದು. ಮೂತಿಯನ್ನು ಟೇಬಲ್ಲಿಗೆ ಊರಿ ಬಗ್ಗಿಸಿ. ಬೆರಳುಗಳ ಬುಡದಲ್ಲಿ, ಅಂದರೆ ಪಾದ ಬಗ್ಗುವ ಕಡೆಯಲ್ಲೇ ಶೂ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಕಮಾನಿಗೆ ಅದರಿಂದ ಏನೂ ಆಸರೆಯಿಲ್ಲ. ಮುಂಭಾಗ, ಹಿಂಭಾಗ ಹಿಡಿದು ತಿರುಚಿ ನೋಡಿ, ತುಸು ಮಾತ್ರ ತಿರುಗಬೇಕು. ಒಳಗಿನ ಇನ್‌ಸೋಲ್ ಹೊರಗೆ ಬರುವಂತಿದ್ದರೆ ಇನ್ನೂ ಒಳ್ಳೆಯದು, ಮುಂದೆ ಬೇಕಾದರೆ ಬದಲಿಸಬಹುದು, ತೊಳೆದು ಒಣಗಿಸಬಹುದು. ಹಿಮ್ಮಡಿ ಮುಂಗಾಲಿಗಿಂತ ತುಸು ಎತ್ತರ ಇದ್ದರೆ ಸಾಕು. ಐದು ಸೆಂಟಿಮೀಟರ್ ದಾಟಿದರೆ ಭಾರವೆಲ್ಲ ಬೆರಳಿನ ಬುಡಕ್ಕೆ ಜಾರಿ ಮಂಡಿ, ಸೊಂಟ ಎರಡೂ ದೂರು ಕೊಡುತ್ತವೆ. ತೀರಾ ಚಪ್ಪಟೆಯಾದರೂ ಮೀನಖಂಡ ಎಳೆಯುತ್ತದೆ.

ಅಟ್ಟೆಯ ಮಾಲಿನ ಬಗ್ಗೆಯೂ ಕೇಳಬೇಕು. ಕಡಿಮೆ ಬೆಲೆಯ ಕಪ್ಪು ಶೂಗಳಲ್ಲಿ ಹೆಚ್ಚಾಗಿ ಇರುವುದು ಪಿವಿಸಿ. ಭಾರ, ಗಡಸು, ಎಣ್ಣೆ ನೆಲದಲ್ಲಿ ಜಾರುತ್ತದೆ. ಇವಿಎ ಹಗುರ, ಮೆತ್ತಗೆ, ಆದರೆ ದಿನವೂ ತುಳಿದ ಕಡೆ ಕುಗ್ಗಿ ಮತ್ತೆ ಏಳುವುದಿಲ್ಲ. ಪಿಯು ಹೆಚ್ಚು ದಿನ ತನ್ನ ಪುಟಿತ ಉಳಿಸಿಕೊಳ್ಳುತ್ತದೆ, ಅದಕ್ಕೆ ಶತ್ರು ತೇವ. ಮದುವೆಗೆ ಕೊಂಡ ಶೂವನ್ನು ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿ, ನಾಲ್ಕು ಮಳೆಗಾಲ ಕಳೆದು ತೆಗೆದರೆ ಅಟ್ಟೆ ಪುಡಿಪುಡಿಯಾಗಿ ಉದುರುವುದನ್ನು ಕಂಡಿರಬಹುದು. ಗಾಳಿಯ ತೇವಾಂಶ ಪಿಯುವಿನ ಅಣುಕೊಂಡಿಗಳನ್ನೇ ಕಡಿದುಹಾಕುವ ಕ್ರಿಯೆ ಅದು. ಹಾಕದೆ ಜೋಪಾನ ಮಾಡಿದಷ್ಟೂ ಕೆಡುವ ವಸ್ತು! "ಡಿಸ್ಕೌಂಟ್ ಸೇಲ್" ಎಂದು ಹಳೆ ಸ್ಟಾಕ್ ಮಾರುವಾಗ ಇದನ್ನು ನೆನಪಿಡಿ.

ಹೆಂಗಸರ ಕಷ್ಟ ಬೇರೆಯದೇ. ಸೀರೆಯ ಯೂನಿಫಾರ್ಮಿಗೆ ಲೇಸ್ ಶೂ ಒಪ್ಪುವುದಿಲ್ಲ ಅಂತ ಅಂಗಡಿ ಮಾಲೀಕರ ಲೆಕ್ಕ, ಹಾಗಾಗಿ ತೆಳ್ಳನೆ ಪಟ್ಟಿಯ ಸ್ಲಿಪ್ಪರೇ ಗತಿ. ಹಿಂದೆ ಪಟ್ಟಿ ಇಲ್ಲದ ಯಾವ ಚಪ್ಪಲಿಯಲ್ಲೂ, ಅದು ಹವಾಯಿ ಇರಲಿ, ಅಂದದ ಕೊಲ್ಹಾಪುರಿ ಇರಲಿ, ಕಳಚಿಹೋಗದಂತೆ ಬೆರಳುಗಳು ಅದನ್ನು ಕಚ್ಚಿ ಹಿಡಿದಿರಬೇಕು. ಅಥಣಿಯ ಕುಶಲಕರ್ಮಿಗಳ ಕೊಲ್ಹಾಪುರಿಯನ್ನು ಹೊಗಳದವರಿಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದವು. ತೊಗಲು ತುಳಿದಷ್ಟೂ ಪಾದದ ಅಚ್ಚು ಹಿಡಿಯುತ್ತದೆ ನಿಜ. ಆದರೂ ಟೈಲ್ಸ್ ಮೇಲೆ ಹತ್ತು ಗಂಟೆ ನಿಲ್ಲಲು ಆ ಚಪ್ಪಟೆ ತೊಗಲು ಸಾಲದು. ಹಿಂಪಟ್ಟಿ ಇರುವ, ಹಿಮ್ಮಡಿಗೆ ಬಟ್ಟಲಿನ ಕುಳಿ ಇರುವ, ಎರಡು ಮೂರು ಸೆಂಟಿಮೀಟರ್ ಎತ್ತರದ ಅಗಲ ಅಟ್ಟೆಯ ಸ್ಯಾಂಡಲ್ ಸೀರೆಗೂ ಹೊಂದುತ್ತದೆ, ಕಾಲಿಗೂ ಹೊಂದುತ್ತದೆ.

ಕಾಲುಂಗುರದ ಮಾತು ಯಾವ ಪರದೇಶದ ಶೂ ಗೈಡಿನಲ್ಲೂ ಸಿಗದು. ಮುಚ್ಚಿದ ಶೂ ಹಾಕುವ ಸಿಸ್ಟರ್‌ಗಳಿಗೆ, ಮಹಿಳಾ ಪೊಲೀಸರಿಗೆ ಇದು ದಿನನಿತ್ಯದ ಗೋಳು. ಎರಡನೇ ಬೆರಳಿನ ಬೆಳ್ಳಿ ಸುತ್ತು ಪಕ್ಕದ ಬೆರಳಿಗೆ ಒತ್ತಿ ಒತ್ತಿ ಅಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ, ಬೆವರು ನಿಂತು ಸಂದಿಯಲ್ಲಿ ಹುಣ್ಣಾಗುತ್ತದೆ. ಡ್ಯೂಟಿಗೆ ಹೋಗುವಾಗ ತೆಗೆದಿಡಲು ಮನಸ್ಸಿಲ್ಲದಿದ್ದರೆ ಒಂದೇ ಸುತ್ತಿನ, ಮುತ್ತು ಮೊಗ್ಗು ಇಲ್ಲದ ತೆಳು ಉಂಗುರ ಹಾಕಿಕೊಂಡು, ಅಳತೆ ಕೊಡುವಾಗಲೂ ಅದನ್ನು ಹಾಕಿಕೊಂಡೇ ಕೊಡುವುದು ವಾಸಿ.

ಶುಗರ್ ಇರುವವರು ನಿಂತು ಕೆಲಸ ಮಾಡುವುದಾದರೆ ಮೇಲೆ ಹೇಳಿದ "ಹಾಕಿ ನೋಡಿ" ಅನ್ನುವ ಸಲಹೆಯೇ ನಡೆಯುವುದಿಲ್ಲ. ನರಗಳ ಸ್ಪರ್ಶ ಮಂಕಾಗಿರುವಾಗ ಚಪ್ಪಲಿ ಕಚ್ಚಿದ್ದು ತಿಳಿಯುವುದೇ ಇಲ್ಲ. ಈ ಸಮಸ್ಯೆಗೆ ಉತ್ತರ ಹುಡುಕಿದ್ದು ನಮ್ಮ ಪಕ್ಕದ ವೆಲ್ಲೂರಿನಲ್ಲೇ, ಬೇರೊಂದು ಕಾಯಿಲೆಯ ನೆಪದಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದದ ಹುಣ್ಣುಗಳನ್ನು ನೋಡುತ್ತ ನೋಡುತ್ತ ಒಂದು ಸಂಗತಿ ಕಂಡುಕೊಂಡರು. ಪಾದ ಕೊಳೆಯುವುದು ನೇರ ಕಾಯಿಲೆಯಿಂದಲ್ಲ. ನೋವು ತಿಳಿಯದ ಕಾಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಡ ತಿಂದು ಗಾಯವಾಗುತ್ತದೆ. ನೋವಿರುವ ಮನುಷ್ಯ ತನಗರಿವಿಲ್ಲದೆಯೇ ಭಾರ ಬದಲಿಸುತ್ತಾನೆ, ನೋವಿಲ್ಲದವನು ಬದಲಿಸುವುದಿಲ್ಲ. ಹಾಗಾದರೆ ಒತ್ತಡವನ್ನು ಇಡೀ ಅಂಗಾಲಿಗೆ ಹಂಚುವ ಮೆಟ್ಟು ಬೇಕು. ಆ ದಿಕ್ಕಿನ ಪ್ರಯೋಗಗಳಲ್ಲಿ ನೆಲೆ ಕಂಡದ್ದು ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ಮೈಕ್ರೋಸೆಲ್ಯುಲರ್ ರಬ್ಬರ್. ಕುಷ್ಠ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇಂದಿಗೂ ಹಂಚುವ, ಮೆಡಿಕಲ್ ಅಂಗಡಿಗಳಲ್ಲಿ ಶುಗರಿನವರಿಗೆ ಮಾರುವ ಎಂಸಿಆರ್ ಚಪ್ಪಲಿ ಅದೇ. ಮೇಲೆ ಮೆತ್ತನೆ ರಬ್ಬರು, ಕೆಳಗೆ ಮುಳ್ಳು ಮೊಳೆ ದಾಟದ ಗಟ್ಟಿ ತಳ, ಹಿಂದೆ ಪಟ್ಟಿ, ಒಳಗೆ ಒಂದೂ ಮೊಳೆ ಇಲ್ಲ. ನೋಡಲು ಸಾದಾ. ನಿಂತು ದುಡಿಯುವವರ ಮೆಟ್ಟು ಹೇಗಿರಬೇಕು ಅನ್ನುವುದಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಚೆನ್ನಾಗಿ ಯೋಚಿಸಿದ ಮಾದರಿ ನಾನು ಕಂಡಿಲ್ಲ. ಶುಗರಿನವರು ಇದನ್ನು ಹಾಕಿದರೂ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನು ಬಿಡಬಾರದು.

ಕೆಲಸ ಬದಲಾದರೆ ಮೆಟ್ಟೂ ಬದಲಾಗುತ್ತದೆ. ಹೋಟೆಲ್ ಅಡಿಗೆಮನೆಯಲ್ಲಿ ಮೊದಲ ಶತ್ರು ಜಾರಿಕೆ. ಕಾವಲಿಯ ಮುಂದೆ ಎಣ್ಣೆ, ಹಿಟ್ಟು, ನೀರು ಮೂರೂ ಬೆರೆತ ನೆಲ, ಅದರ ಮೇಲೆ ಸವೆದ ಹವಾಯಿ. ಜಾರದಿರಲಿ ಅಂತ ಗೋಣಿಚೀಲ ಹಾಸುತ್ತಾರೆ, ಅದು ಎಣ್ಣೆ ಕುಡಿದ ಮೇಲೆ ತಾನೇ ಜಾರುತ್ತದೆ. ಇಲ್ಲಿಗೆ ಬೇಕಾದದ್ದು ಆಳ ಗೀರುಗಳ ರಬ್ಬರ್ ತಳದ, ಮೇಲೆ ಪೂರ್ತಿ ಮುಚ್ಚಿದ, ಕುದಿಯುವ ಸಾಂಬಾರು ಚೆಲ್ಲಿದರೆ ಒದ್ದು ಕಳಚಿ ಎಸೆಯಲು ಬರುವ ಶೂ. ಲೇಸ್ ಇಲ್ಲಿ ಕೆಲಸಕ್ಕೆ ಬಾರದು. ಆಸ್ಪತ್ರೆಯಲ್ಲಿ ತೂತು ತೂತಿನ ಕ್ಲಾಗ್ ಹಾಕಿ ಓಡಾಡುವವರು ಬೇಕಾದಷ್ಟು ಜನ. ಹಗುರ, ತೊಳೆಯಲು ಸುಲಭ, ಸರಿ. ಆದರೆ ಕೈಜಾರಿ ಬಿದ್ದ ಸೂಜಿಗೆ, ರಕ್ತದ ಹನಿಗೆ ಆ ತೂತುಗಳೇ ದಾರಿ. ಮೇಲ್ಭಾಗ ಮುಚ್ಚಿದ್ದನ್ನೇ ಕೇಳಿ ತೆಗೆದುಕೊಳ್ಳಬೇಕು. ಬೂಟು ಹಾಕಿ ಬಿಸಿಲಲ್ಲಿ ನಿಲ್ಲುವ ಪೊಲೀಸರು, ಸೆಕ್ಯುರಿಟಿಯವರಿಗೆ ಬೆವರೇ ಅರ್ಧ ರೋಗ. ಅವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಒಂದೊಂದಕ್ಕೂ ಒಣಗಲು ಪೂರ್ತಿ ಒಂದು ದಿನ ಸಿಗುತ್ತದೆ, ಎರಡರ ಆಯಸ್ಸೂ ಹೆಚ್ಚುತ್ತದೆ.

ಅಂಗಾಲು ಒದ್ದೆ ಮಾಡಿ ಕೆಂಪು ಗಾರೆ ನೆಲದ ಮೇಲೆ ಊರಿ, ಮೂಡಿದ ಅಚ್ಚು ನೋಡಿ ಚಪ್ಪಟೆ ಪಾದವೋ ಎತ್ತರದ ಕಮಾನೋ ಎಂದು ತೀರ್ಮಾನಿಸುವ ವಿದ್ಯೆ ಮೊಬೈಲ್ ವಿಡಿಯೊಗಳಲ್ಲಿ ಭಾರಿ ಜನಪ್ರಿಯ. ಅದಕ್ಕೆ ತಕ್ಕ ದುಬಾರಿ ಇನ್‌ಸೋಲ್ ಮಾರುವವರೂ ಅಲ್ಲೇ ಇರುತ್ತಾರೆ. ಅಮೆರಿಕದ ಸೇನೆ ತನ್ನ ಹೊಸ ಸಿಪಾಯಿಗಳಿಗೆ ಅಂಗಾಲಿನ ಆಕಾರ ನೋಡಿಯೇ ಓಟದ ಶೂ ಕೊಟ್ಟು ಪರೀಕ್ಷಿಸಿತ್ತು. ಎಲ್ಲರಿಗೂ ಒಂದೇ ತರಹದ ಶೂ ಕೊಟ್ಟ ಗುಂಪಿಗಿಂತ ಪೆಟ್ಟು ಕಡಿಮೆಯೇನೂ ಆಗಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಶೂಗಳನ್ನೇ ಅಭ್ಯಾಸ ಮಾಡಿದ ಬೆನ್ನೊ ನಿಗ್ ಕೊನೆಗೆ ಬಂದು ನಿಂತದ್ದು, ಹಾಕಿದವರಿಗೆ ಹಿತವೆನಿಸುವುದೇ ಒಳ್ಳೆಯ ಶೂವಿನ ನೆಚ್ಚಬಹುದಾದ ಗುರುತು ಎಂಬ ಅಭಿಪ್ರಾಯಕ್ಕೆ. ಈ ಎರಡೂ ಓಟದ ಶೂಗಳ ಮಾತು ಅನ್ನುವುದು ನೆನಪಿರಲಿ. ಆದರೂ ಹಿಮ್ಮಡಿ ನೋವು ಇಲ್ಲದವರು ಸಾವಿರಾರು ರೂಪಾಯಿಯ ಇನ್‌ಸೋಲಿಗೆ ಕೈಹಾಕುವ ಮುಂಚೆ ಅದೇ ದುಡ್ಡಿನಲ್ಲಿ ಅಳತೆ ಸರಿಯಿರುವ ಎರಡನೇ ಜೊತೆ ಕೊಳ್ಳಲಿ ಅನ್ನುವುದು ನನ್ನ ಮತ. ಇನ್‌ಸೋಲ್ ಹಾಕುವುದೇ ಆದರೆ ಶೂ ಒಳಗಿರುವುದನ್ನು ತೆಗೆದು ಹಾಕಿ. ಒಂದರ ಮೇಲೊಂದು ಇಟ್ಟರೆ ಪಾದ ಮೇಲೆದ್ದು, ಹಿಮ್ಮಡಿ ಕಳಚಿಕೊಳ್ಳುತ್ತದೆ, ಬೆರಳಿಗೆ ಜಾಗ ಸಾಲುವುದಿಲ್ಲ.

ಶೂ ಮುಗಿಯಿತೋ ಇಲ್ಲವೋ ಎಂದು ಮೇಲಿನ ಹೊಳಪು ನೋಡಿ ಹೇಳಲಾಗದು. ಟೇಬಲ್ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ, ಅಟ್ಟೆಯ ಪಕ್ಕದಲ್ಲಿ ಅಡ್ಡ ಸುಕ್ಕು ಮೂಡಿದ್ದರೆ ಅದರ ಕಥೆ ಮುಗಿದಿದೆ. ಮತ್ತೆ, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋವಾಗುವಂತಿದ್ದರೆ ಚಪ್ಪಲಿ ಬದಲಿಸುತ್ತ ಕೂರಬೇಡಿ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಎಂಥ ಮೆಟ್ಟೂ ಮೀನಖಂಡದ ಪಂಪನ್ನು ನಡೆಸಲಾರದು. ಅದಕ್ಕೆ ಕಾಲು ಅಲುಗಾಡಬೇಕು, ಆಗಾಗ ಮೈಗೆ ಕೂರಲು ಜಾಗ ಸಿಗಬೇಕು. ಕೌಂಟರಿನ ಕೆಳಗೆ ಒಂದು ಇಟ್ಟಿಗೆಯನ್ನೋ ಮರದ ಮಣೆಯನ್ನೋ ಇಟ್ಟು, ಒಂದಾದ ಮೇಲೊಂದು ಕಾಲನ್ನು ಅದರ ಮೇಲಿಟ್ಟು ನಿಂತರೆ ಸೊಂಟಕ್ಕೆ ಬಹಳ ಆರಾಮ. ಗಿರಾಕಿ ಇಲ್ಲದಾಗ ತುದಿಗಾಲಲ್ಲಿ ಹತ್ತು ಸಲ ಏರಿಳಿದರೆ ರಕ್ತ ಮೇಲಕ್ಕೇರುತ್ತದೆ. ಮಿಕ್ಕದ್ದು ಕುರ್ಚಿಯ ಪ್ರಶ್ನೆ. ಚಿಕ್ಕಪೇಟೆಯ ಹಳೇ ರೇಷ್ಮೆ ಅಂಗಡಿಗಳಲ್ಲಿ ಬಿಳಿ ಹಾಸಿನ ಗಾದಿ ಮೇಲೆ ಮಾರುವವರೂ ಕೊಳ್ಳುವವರೂ ಇಬ್ಬರೂ ಕೂರುತ್ತಿದ್ದರು. ಶೋರೂಮ್ ಬಂದ ಮೇಲೆ ಗಿರಾಕಿಗೆ ಸೋಫಾ ಬಂತು, ಮಾರುವವರು ಎದ್ದು ನಿಂತರು. ಇಂಗ್ಲೆಂಡಿನಲ್ಲಿ ಅಂಗಡಿ ಕೆಲಸದ ಹೆಂಗಸರು ಮೂವರಿದ್ದಲ್ಲಿ ಒಂದು ಆಸನ ಇರಲೇಬೇಕೆಂಬ ಕಾನೂನು 1899ರಲ್ಲೇ ಆಯಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನೂ ನಿಂತು ಕೆಲಸ ಮಾಡಬೇಕಾದವರಿಗೆ ಕೂರಲು ವ್ಯವಸ್ಥೆ ಇರಬೇಕು ಎಂದಿತ್ತು, ಆದರೆ ಅದು ಕಾರ್ಖಾನೆಗೆ, ಬಟ್ಟೆ ಅಂಗಡಿಗಲ್ಲ. ಕೋಯಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರನ್ನು ಒಟ್ಟುಗೂಡಿಸಿ 'ಪೆಣ್‌ಕೂಟ್ಟ್' ಕಟ್ಟಿದ ಪಿ. ವಿಜಿ ಅವರು ವರ್ಷಗಟ್ಟಲೆ ಕೂರುವ ಹಕ್ಕಿಗಾಗಿ ಬೀದಿಗಿಳಿದ ಮೇಲೆ, 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದಿತು. 2021ರಲ್ಲಿ ತಮಿಳುನಾಡು ಹಿಂಬಾಲಿಸಿತು.

ಕುರ್ಚಿ ಬರುವವರೆಗೆ ಮೆಟ್ಟಿನ ಬಗ್ಗೆಯಾದರೂ ಮಾಲೀಕರ ಜೊತೆ ಮಾತಾಡಬಹುದು. ಯೂನಿಫಾರ್ಮ್ ಅಂತ ಅಂಗಿ, ಪ್ಯಾಂಟು, ಟೈ ಕೊಟ್ಟು, "ಶೂ ನೀವೇ ತನ್ನಿ, ಕಪ್ಪಗಿರಲಿ" ಅನ್ನುವುದು ಎಷ್ಟೋ ಕಡೆಯ ಪದ್ಧತಿ. ಅಂಥ ಕಡೆ ಕಪ್ಪು ಅನ್ನುವ ಷರತ್ತನ್ನು ಮಾತ್ರ ಪಾಲಿಸಿ. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಕಪ್ಪಗಿರುವ, ಅಟ್ಟೆಯೂ ಕಪ್ಪೇ ಇರುವ ವಾಕಿಂಗ್ ಶೂ ಈಗ ಎಲ್ಲ ಊರುಗಳಲ್ಲೂ ಸಿಗುತ್ತದೆ. ಪ್ಯಾಂಟಿನ 'ಫಾಲ್' ಇಳಿದಿದ್ದರೆ ಅದು ಫಾರ್ಮಲ್ ಶೂ ಅಲ್ಲವೆಂದು ಫ್ಲೋರ್ ಮ್ಯಾನೇಜರಿಗೆ ಗೊತ್ತಾಗುವುದೂ ಕಷ್ಟ.